ಒಂದೇ ಗೋಲು, ಇಬ್ರು ಕೀಪರ್‌ಗಳು: ಮಗಳ ಕ್ಲಬ್ ಬದಲಾಯಿಸೋಣ್ವಾ ಬೇಡ್ವಾ ಅಂತ ಒದ್ದಾಡಿದ ಮೂರು ತಿಂಗಳು

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಅಷ್ಟು ದೊಡ್ಡ ಬಾಗಿಲಿಗೆ ಕಾವಲು ಒಬ್ಬರೇ. ಫುಟ್‌ಬಾಲ್ ನೋಡೋರಿಗೆಲ್ಲ ಗೊತ್ತಿರೋ ವಿಷ್ಯಾನೇ ಇದು, ಆದ್ರೆ ಮನೇಲಿ 14 ವರ್ಷದ ಕೀಪರ್ ಒಬ್ಬಳಿದ್ದು, ಅದೇ ಟೀಮಲ್ಲಿ ಅವಳಷ್ಟೇ ಚೆನ್ನಾಗಿ ಆಡೋ ಇನ್ನೊಬ್ಬಳು ಕೀಪರೂ ಇದ್ದಾಗ ಆ "ಒಬ್ಬರೇ" ಅನ್ನೋದು ಎಂಥ ತಲೆನೋವು ಅಂತ ಅರ್ಥ ಆಗತ್ತೆ. ಡಿಫೆಂಡರ್‌ಗೆ ಒಂದು ಕಡೆ ಜಾಗ ಇಲ್ಲಾಂದ್ರೆ ಇನ್ನೊಂದು ಕಡೆ ಹಾಕ್ತಾರೆ, ಫಾರ್ವರ್ಡ್‌ನ ಕೊನೇ ಹತ್ತು ನಿಮಿಷಕ್ಕಾದ್ರೂ ಇಳಿಸ್ತಾರೆ, ಕೀಪರ್‌ಗೆ ಹಂಗಲ್ಲ, ಆಡಿದ್ರೆ ಪೂರ್ತಿ ಮ್ಯಾಚು, ಇಲ್ಲಾಂದ್ರೆ ಪೂರ್ತಿ ಬೆಂಚು.

ಮಗಳು ಆ ಕ್ಲಬ್‌ಗೆ ಸೇರಿದ್ದು 8 ವರ್ಷ ಇದ್ದಾಗ. ಆ ಇನ್ನೊಬ್ಬ ಕೀಪರೂ ಅದೇ ವರ್ಷ ಸೇರಿದ್ದು, ಹೆಸರು ಬೇಡ, ಗೆಳತಿ ಅಂತೀನಿ. ಮೊದಮೊದಲು ಇಬ್ರಿಗೂ ಸೇರಿ ಒಂದೇ ಜೊತೆ ಗ್ಲೌಸು, ಹಾಫ್ ಟೈಮಲ್ಲಿ ಬಿಚ್ಚಿ ಇನ್ನೊಬ್ಬಳಿಗೆ ಹಾಕೋದು, ಆ ಬೆವರು ವಾಸ್ನೆ ಗ್ಲೌಸಿಗೆ ಇಬ್ರೂ ಮುಖ ಸಿಂಡರಿಸ್ಕೊಂಡು ನಗೋದು, ಇವೆಲ್ಲ ನನ್ನ ಫೋನಲ್ಲಿ ಇನ್ನೂ ಫೋಟೋ ಇದಾವೆ. ದೊಡ್ಡವರಾದ್ಮೇಲೆ ಕೋಚ್ ಸರ್ ಯಾರಿಗೂ ಬೇಜಾರಾಗಬಾರ್ದು ಅಂತ ಒಂದು ಮ್ಯಾಚ್ ಇವಳಿಗೆ ಒಂದು ಮ್ಯಾಚ್ ಅವಳಿಗೆ ಅಂತ ಸರದಿ ಮಾಡಿದ್ರು. ಕಳೆದ ಸೀಸನ್ 22 ಮ್ಯಾಚು, ಇಬ್ರಿಗೂ ಹನ್ನೊಂದನ್ನೊಂದು. ನ್ಯಾಯ ಅಂದ್ರೆ ನ್ಯಾಯವೇ, ತಕ್ಕಡೀಲಿ ತೂಗಿದ ಹಾಗೆ.

ಅದು ಹಂಗೇ ನಡೀತಿತ್ತೇನೋ. ಒಂದು ಟೂರ್ನಮೆಂಟಲ್ಲಿ ಮಗಳು ಪೆನಾಲ್ಟಿ ಒಂದನ್ನ ಹಿಡಿದ್ಲು, ತಳ್ಳಿದ್ದಲ್ಲ, ಪಕ್ಕಕ್ಕೆ ಬಿದ್ದು ಎರಡೂ ಕೈಯಲ್ಲಿ ಹಿಡಿದೇಬಿಟ್ಲು. ಮ್ಯಾಚ್ ಮುಗಿದ ಮೇಲೆ ಬೇರೆ ಕ್ಲಬ್‌ನ ಕೋಚ್ ಒಬ್ರು ನನ್ನ ಹತ್ರ ಬಂದು "ನಿಮ್ಮ ಮಗಳಾ ಮೇಡಂ? ನಮ್ಮಲ್ಲಿ ಕೀಪರ್‌ಗಳಿಗೆ ಅಂತಲೇ ಬೇರೆ ಕೋಚ್ ಇದಾರೆ, ಒಂದ್ಸಲ ಟ್ರಯಲ್‌ಗೆ ಕರ್ಕೊಂಡ್ ಬನ್ನಿ" ಅಂದ್ರು. ಅಷ್ಟೇ ಮಾತು. ನಾನು "ನೋಡ್ತೀವಿ ಸರ್" ಅಂತ ಹೇಳಿ ಬಂದೆ, ಆದ್ರೆ ತಲೇಲಿ ಹುಳ ಬಿಟ್ಟ ಹಾಗಾಯ್ತು. ಆ ಕ್ಲಬ್ ನಮ್ಮದಕ್ಕಿಂತ ಒಂದು ಡಿವಿಷನ್ ಮೇಲೆ ಆಡತ್ತೆ, ಜೆರ್ಸಿ ನೋಡಿದ್ರೇ ಗೊತ್ತಾಗತ್ತೆ, ಮಕ್ಕಳೆಲ್ಲ ಒಂದೇ ಥರ ಬ್ಯಾಗ್ ಹಾಕ್ಕೊಂಡು ಸಾಲಾಗಿ ಬರ್ತಾರೆ. ದೂರದ ಬೆಟ್ಟ ನುಣ್ಣಗೆ ಅಂತ ಗೊತ್ತಿದ್ರೂ ನುಣ್ಣಗಿರೋದನ್ನ ನೋಡ್ದೆ ಇರೋಕಾಗಲ್ಲ ನೋಡಿ.

ನಮ್ಮನೆಯವರು ಕೇಳಿದ ತಕ್ಷಣ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡೋಕೆ ಕೂತ್ರು. ಇದು ಅವರ ಕಾಯಿಲೆ, ಮನೆಗೆ ಫ್ರಿಜ್ ತರೋದಾದ್ರೂ ಶೀಟೇ. ಎರಡೂ ಕ್ಲಬ್, ಮುಂದೆ ಒಂಬತ್ತು ಕಾಲಂ: ಲೀಗ್ ಲೆವೆಲ್, ಫೀಸು, ದೂರ, ವಾರಕ್ಕೆ ಎಷ್ಟು ಪ್ರಾಕ್ಟೀಸು, ಕೋಚ್ ಲೈಸೆನ್ಸು, ಗ್ರೌಂಡು, ಆಡೋ ಅವಕಾಶ, ಓದಿಗೆ ಟೈಮು, ಇತರೆ. ಎಲ್ಲಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ಮೊದಲ ರಾತ್ರಿ ಹೊಸ ಕ್ಲಬ್ ಗೆಲ್ತು, ಎರಡನೇ ರಾತ್ರಿ "ದೂರ"ಕ್ಕೆ ಜಾಸ್ತಿ ತೂಕ ಕೊಟ್ರು ಹಳೇ ಕ್ಲಬ್ ಗೆಲ್ತು, ಮೂರನೇ ರಾತ್ರಿ ನಾನು "ರೀ, ಮಲ್ಕೊಳ್ಳಿ" ಅಂದೆ.

ನಾನು ಬೇರೆ ಕೆಲ್ಸ ಮಾಡ್ದೆ. ಯಾವಾಗ್ಲೂ ಮಗಳನ್ನ ಗ್ರೌಂಡ್ ಹತ್ರ ಇಳಿಸಿ ಹೋಗ್ತಿದ್ದೋಳು ಮೂರು ಸಂಜೆ ಅಲ್ಲೇ ಕೂತು ಪೂರ್ತಿ ಪ್ರಾಕ್ಟೀಸ್ ನೋಡ್ದೆ. ಒಂದೂವರೆ ಗಂಟೆ ಪ್ರಾಕ್ಟೀಸು. ಮೊದಲ ಇಪ್ಪತ್ತು ನಿಮಿಷ ಎಲ್ರ ಜೊತೆ ಓಟ, ಸ್ಟ್ರೆಚಿಂಗು. ಆಮೇಲೆ ಉಳಿದ ಮಕ್ಕಳು ಪಾಸಿಂಗ್ ಡ್ರಿಲ್ಲಿಗೆ ಹೋದ್ರೆ ಕೀಪರ್‌ಗಳು ಇಬ್ರೂ ಒಂದು ಮೂಲೆಗೆ ಹೋಗಿ ಒಬ್ಬಳು ಇನ್ನೊಬ್ಬಳಿಗೆ ಚೆಂಡು ಎಸೆಯೋದು. ನಲವತ್ತು ನಿಮಿಷ ಹತ್ರ ಹತ್ರ ಅಷ್ಟೇ. ಎಸೆಯೋದು, ಹಿಡಿಯೋದು, ಮಾತು, ನಗು, ಮತ್ತೆ ಎಸೆಯೋದು. ಕೊನೇಲಿ ಶೂಟಿಂಗ್, ಅಲ್ಲಿ ಇವರಿಬ್ರೂ ಗುರಿ ಹಲಗೆ ಇದ್ದ ಹಾಗೆ, ಒಂದಾದ ಮೇಲೊಂದು ಚೆಂಡು ಬರತ್ತೆ, ಎದ್ದು ನಿಲ್ಲೋಕೂ ಬಿಡ್ದೆ ಇನ್ನೊಂದು ಬರತ್ತೆ, ಅದು ಹೊಡೆಯೋರಿಗೆ ಪ್ರಾಕ್ಟೀಸೇ ಹೊರತು ಹಿಡಿಯೋರಿಗಲ್ಲ. ಮೂರು ಸಂಜೇಲಿ ಕೋಚ್ ಸರ್ ಕೀಪರ್‌ಗಳಿಗೆ ಹೇಳಿದ್ದನ್ನ ನಾನು ಒಂದು ಚೀಟೀಲಿ ಬರ್ಕೊಂಡಿದ್ದೆ: "ಗುಡ್ ಸೇವ್" ಒಂಬತ್ತು ಸಲ, "ಜೋರಾಗಿ ಕೂಗಮ್ಮ" ನಾಲ್ಕು ಸಲ, "ನೀವಿಬ್ರು ಆ ಕಡೆ ಹೋಗಿ" ಮೂರು ಸಲ. ಮುಗೀತು.

ನಾನು ಆಟ ಆಡಿ ಬೆಳೆದೋಳಲ್ಲ, ಆದ್ರೂ ನೋಡಿ ನೋಡಿ ಅಷ್ಟಿಷ್ಟು ಗೊತ್ತು. 1992ರಲ್ಲಿ ಬ್ಯಾಕ್ ಪಾಸ್ ನಿಯಮ ಬಂದ್ಮೇಲೆ ಸ್ವಂತ ಟೀಮಿನೋರು ಬೇಕಂತ ಕಾಲಲ್ಲಿ ಕೊಟ್ಟ ಚೆಂಡನ್ನ ಕೀಪರ್ ಕೈಯಲ್ಲಿ ಮುಟ್ಟೋ ಹಾಗಿಲ್ಲ, ಅಂದ್ರೆ ಕೀಪರ್‌ಗೂ ಕಾಲು ಚೆನ್ನಾಗಿ ಆಡ್ಲೇಬೇಕು, ಎದುರಾಳಿ ಓಡಿ ಬರ್ತಿರೋವಾಗ ಹೆದರದೆ ಪಾಸ್ ಮಾಡೋಕೆ ಬರ್ಬೇಕು. ಇಲ್ಲಿ ನೋಡಿದ್ರೆ ಪಾಸಿಂಗ್ ಡ್ರಿಲ್ಲಿನ ಟೈಮಲ್ಲೇ ಇವರಿಬ್ರನ್ನ ಮೂಲೆಗೆ ಕಳಿಸ್ತಿದ್ರು. ಮಗಳು ಮ್ಯಾಚಲ್ಲಿ ಚೆಂಡು ಕಾಲಿಗೆ ಬಂದ ತಕ್ಷಣ ಕಣ್ಮುಚ್ಚಿ ಔಟಿಗೆ ಒದೀತಾಳೆ ಅಂತ ನಾವು ಬೈತಿದ್ವಲ್ಲ, ಪಾಪ ಅವಳಿಗೆ ಯಾರು ಹೇಳ್ಕೊಟ್ಟಿದಾರೆ.

ಇನ್ನು ಸಲಹೆ ಕೊಡೋರ ಕಥೆ ಕೇಳ್ಬೇಡಿ. ಒಬ್ರು "ಇನ್ನೊಂದು ವರ್ಷ ಬಿಡಿ, ಹೈಟ್ ಬರ್ಲಿ" ಅಂದ್ರು. ಹುಡುಗೀರು ದಿಢೀರ್ ಅಂತ ಉದ್ದ ಆಗೋದು ಸುಮಾರು 12ರ ಆಸುಪಾಸಲ್ಲಿ, ಹುಡುಗರಿಗೆ ಅದು 14ರ ಹತ್ರ ಬರತ್ತೆ, ಅಂದ್ರೆ ನನ್ನ ಮಗಳ ಹೈಟು ಹತ್ರತ್ರ ಬಂದಾಗಿದೆ, ಇರೋ ಹೈಟಲ್ಲೇ ಆಟ ಕಲೀಬೇಕು. ಇನ್ನೊಬ್ರು "14ಕ್ಕೆ ದೊಡ್ಡ ಕ್ಲಬ್ ಸೇರ್ದೇ ಇದ್ರೆ ಮುಗೀತು ಕಥೆ" ಅಂದ್ರು. ಅದಕ್ಕೆ ನಮ್ಮನೆಯವರು ಬುಫಾನ್ ಕಥೆ ತೆಗೆದ್ರು. ಇಟಲಿಯ ಜಿಯಾನ್‌ಲುಯಿಜಿ ಬುಫಾನ್ ಚಿಕ್ಕೋನಿದ್ದಾಗ ಮಿಡ್‌ಫೀಲ್ಡರ್ ಅಂತೆ, 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನಿನ ಕೀಪರ್ ಥಾಮಸ್ ಎನ್‌ಕೊನೊನ ನೋಡಿ ನಾನೂ ಕೀಪರ್ ಆಗ್ತೀನಿ ಅಂತ ಗೋಲಿಗೆ ಬಂದೋನು, 1995ರಲ್ಲಿ 17 ವರ್ಷಕ್ಕೆ ಪಾರ್ಮಾ ಟೀಮಲ್ಲಿ ಸೀನಿಯರ್ ಮ್ಯಾಚ್ ಆಡಿದ, 2023ರಲ್ಲಿ ನಿವೃತ್ತಿ ತಗೊಂಡಾಗ 45 ವರ್ಷ. "ಕೀಪರ್‌ಗಳಿಗೆ ಅವಸರ ಇಲ್ಲ" ಅಂತ ಇವರ ವಾದ. ನಾನು ಹೇಳ್ದೆ, ಅವನು ಬುಫಾನ್ ರೀ, ಕೋಟಿಗೊಬ್ಬ, ಅವನನ್ನ ತಂದು ನಮ್ಮ ಶೀಟಲ್ಲಿ ಯಾವ ಕಾಲಮ್ಮಿಗೆ ಹಾಕ್ತೀರ ಅಂತ. ಮಗಳ ರೂಮಲ್ಲಿ ಅಂಟಿಸಿರೋದು ಬೇರೆಯವರ ಫೋಟೋ, ಇಂಗ್ಲೆಂಡಿನ ಮೇರಿ ಅರ್ಪ್ಸ್. 2020ರಲ್ಲಿ ಆಟಾನೇ ಬಿಟ್ಬಿಡೋಣ ಅಂದ್ಕೊಂಡಿದ್ದೋರು ಅವರು, ಮೂರು ವರ್ಷ ಆದ್ಮೇಲೆ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನಿನ ಪೆನಾಲ್ಟಿ ಹಿಡಿದ್ರು. ಇಂಗ್ಲೆಂಡ್ ಆ ಮ್ಯಾಚು 1-0 ಸೋತ್ತು, ಆದ್ರೆ ಮಗಳಿಗೆ ನೆನಪಿರೋದು ಆ ಪೆನಾಲ್ಟಿ ಮಾತ್ರ.

ಕೊನೆಗೆ ಟ್ರಯಲ್‌ಗೆ ಹೋದ್ವಿ. ಇಲ್ಲಿ ಒಂದು ತಪ್ಪು ಮಾಡ್ದೆ, ಹಳೇ ಕೋಚ್ ಸರ್‌ಗೆ ಹೇಳ್ಲಿಲ್ಲ. ಆಗದೇ ಹೋದ್ರೆ ಸುಮ್ನೆ ಯಾಕೆ ಮನಸ್ತಾಪ, ಗುಟ್ಟಾಗೇ ಹೋಗಿ ಬರೋಣ ಅಂತ. ಮಗಳಿಗೆ ಪ್ರಾಕ್ಟೀಸ್ ತಪ್ಪಿಸಿ "ಜ್ವರ" ಅಂತ ಮೆಸೇಜ್ ಹಾಕಿದ್ದು ನಾನೇ. ಬರೆಯೋಕೂ ನಾಚಿಕೆ ಆಗತ್ತೆ ಈಗ.

ಹೊಸ ಕ್ಲಬ್‌ನ ಕೀಪರ್ ಕೋಚ್ ಒಬ್ಬ ಹೆಂಗಸು, ತಾವೇ ಕೀಪರ್ ಆಗಿ ಆಡಿದೋರು, ಎಡಗೈ ಕಿರುಬೆರಳು ಸೊಟ್ಟ ಆಗಿತ್ತು. ಮಕ್ಕಳೆಲ್ಲ "ಕೋಚ್" ಅಂತಲೇ ಕರೀತಾರೆ. ಮೊದಲ ಇಪ್ಪತ್ತು ನಿಮಿಷ ನಾನು ಗಮನ ಇಟ್ಟು ನೋಡಿದ್ದು ವಾರ್ಮ್ ಅಪ್. ಫಿಫಾದ "11+" ಅಂತ ಒಂದು ವಾರ್ಮ್ ಅಪ್ ಇದೆ, ಓಟ, ಒಂಟಿ ಕಾಲಲ್ಲಿ ನಿಲ್ಲೋದು, ಹಾರಿ ಮಂಡಿ ಬಗ್ಗಿಸಿ ಮೆತ್ತಗೆ ಇಳಿಯೋದು, ಈ ಥರ. 2007ರಲ್ಲಿ ನಾರ್ವೇಲಿ 13ರಿಂದ 17 ವರ್ಷದ ಹುಡುಗೀರ ಕ್ಲಬ್‌ಗಳಲ್ಲೇ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಈ ವಯಸ್ಸಿನ ಹುಡುಗೀರಿಗೆ ಮಂಡಿಯ ಎಸಿಎಲ್ ಅನ್ನೋ ಲಿಗಮೆಂಟ್ (ಮೂಳೆಗಳನ್ನ ಹಿಡಿದಿಡೋ ಪಟ್ಟಿ) ಹರಿಯೋ ಅಪಾಯ ಹುಡುಗರಿಗಿಂತ ಜಾಸ್ತಿ, ಹರೀತು ಅಂದ್ರೆ ಎಷ್ಟೋ ತಿಂಗಳು ಆಟ ಇಲ್ಲ. ಅದಕ್ಕೇ ಕ್ಲಬ್ ನೋಡೋಕೆ ಹೋಗೋ ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ನಾನು ಹೇಳೋದು, ಗೆದ್ದ ಕಪ್, ಶೀಲ್ಡ್ ಇಟ್ಟಿರೋ ಬೀರು ನೋಡೋ ಮುಂಚೆ ವಾರ್ಮ್ ಅಪ್ ನೋಡಿ. ಇಲ್ಲಿ ಒಬ್ಬೊಬ್ಬರ ಮಂಡಿ ಒಳಗೆ ವಾಲ್ತಿದೆಯಾ ಅಂತ ಬಗ್ಗಿ ನೋಡಿ ಸರಿ ಮಾಡ್ತಿದ್ರು. ನಮ್ಮ ಹಳೇ ಕ್ಲಬ್‌ನಲ್ಲಿ ಗ್ರೌಂಡಿಗೆ ಎರಡು ಸುತ್ತು ಓಡ್ಸಿದ್ರೆ ಅದೇ ವಾರ್ಮ್ ಅಪ್ಪು.

ಆಮೇಲೆ ಆಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗಳಿಗೆ ಬಲಕ್ಕೆ ನಾಲ್ಕು ಎಡಕ್ಕೆ ನಾಲ್ಕು ಚೆಂಡು ಹಾಕಿದ್ರು ಅಷ್ಟೇ, ಕೋಚ್ ಕೈ ಎತ್ತಿ ನಿಲ್ಸಿದ್ರು. "ಎಡಕ್ಕೆ ಬೀಳೋವಾಗ ನಿನ್ನ ಎದೆ ನೆಲ ನೋಡತ್ತೆ, ಮೊಣಕೈ ಮೊದಲು ಬೀಳತ್ತೆ, ನೋವಾಗಲ್ವಾ?" ಇವಳು "ಆಗತ್ತೆ" ಅಂದ್ಲು. "ಎಷ್ಟು ದಿನದಿಂದ?" "ಯಾವಾಗ್ಲೂ." ನಾನು ಎಷ್ಟು ಸಲ ಆ ಎಡ ಮೊಣಕೈಗೆ ಮುಲಾಮು ಹಚ್ಚಿದೀನೋ ಲೆಕ್ಕ ಇಲ್ಲ, ಕೀಪರ್ ಅಂದ್ಮೇಲೆ ತರಚೋದು ಇದ್ದಿದ್ದೇ ಅಂತ ಅಂದ್ಕೊಂಡಿದ್ದೆ.

ಕೋಚ್ ಅವಳನ್ನ ನೆಲದ ಮೇಲೆ ಕೂರಿಸಿದ್ರು, ಕಾಲು ಮುಂದಕ್ಕೆ ಚಾಚಿ, ಮಗು ಕೂತ ಹಾಗೆ. ಎರಡು ಹೆಜ್ಜೆ ದೂರದಿಂದ ಎಡಕ್ಕೆ ಚೆಂಡು ಉರುಳಿಸಿದ್ರು, ಅವಳು ಪಕ್ಕಕ್ಕೆ ವಾಲಿ ಹಿಡೀಬೇಕು, ಸೊಂಟದ ಪಕ್ಕ, ಪಕ್ಕೆ, ಭುಜ, ಈ ಕ್ರಮದಲ್ಲಿ ನೆಲ ಮುಟ್ಬೇಕು. "ಒಂದು ಕೈ ಚೆಂಡಿನ ಹಿಂದೆ, ಒಂದು ಕೈ ಚೆಂಡಿನ ಮೇಲೆ, ಮೂರನೇ ಕೈ ಯಾವ್ದು?" ಮಗಳು ಪೆಚ್ಚಾಗಿ ನೋಡಿದ್ಲು. "ನೆಲ. ನೆಲಾನೇ ನಿನ್ನ ಮೂರನೇ ಕೈ, ಚೆಂಡನ್ನ ಅದಕ್ಕೆ ಒತ್ತು, ಜಾರಲ್ಲ." ಕೂತು ಹತ್ತು ಸಲ, ಆಮೇಲೆ ಮಂಡಿ ಊರಿ ಹತ್ತು ಸಲ, ಆಮೇಲೆ ಕುಕ್ಕರಗಾಲಲ್ಲಿ, ಕೊನೇಗೆ ನಿಂತು. ಇಪ್ಪತ್ತೈದು ನಿಮಿಷ ಎಡಗಡೆ ಬೀಳೋದು ಒಂದೇ, ಬೇರೇನೂ ಇಲ್ಲ. ನಿಂತು ಬೀಳೋ ಹೊತ್ತಿಗೆ ಸದ್ದೇ ಬೇರೆ ಆಗಿತ್ತು. ಮುಂಚೆ ಧಡ್ ಅಂತಿತ್ತು, ಈಗ ಚಾಪೆ ಸುತ್ತಿಟ್ಟಿದ್ದು ಬಿಚ್ಕೊಂಡ ಹಾಗೆ ಸರ್ ಅಂತ.

ಅದಾದ್ಮೇಲೆ ಪಾಸಿಂಗ್ ಡ್ರಿಲ್ಲಿಗೆ ಕೀಪರ್‌ಗಳೂ ಬೇರೆ ಮಕ್ಕಳ ಮಧ್ಯ ಸೇರ್ಕೊಂಡ್ರು. ಕೊನೇಲಿ ಎಂಟು ಸೆಕೆಂಡ್ ಆಟ. 2025-26 ಸೀಸನ್‌ನಿಂದ ನಿಯಮ ಬದಲಾಗಿದೆ, ಕೀಪರ್ ಚೆಂಡನ್ನ ಕೈಯಲ್ಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಇಟ್ಕೊಂಡ್ರೆ ಎದುರಾಳಿಗೆ ಕಾರ್ನರ್, ಕೊನೇ ಐದು ಸೆಕೆಂಡನ್ನ ರೆಫ್ರಿ ಕೈ ಎತ್ತಿ ಬೆರಳಲ್ಲಿ ಎಣಿಸ್ತಾರೆ. ಕೋಚ್ ರೆಫ್ರಿ ಥರ ಕೈ ಎತ್ತಿ ಎಣಿಸೋದು, ಇವಳು ಚೆಂಡು ಹಿಡಿದು, ಎದ್ದು, ನೋಡಿ, ಯಾರಿಗೆ ಎಸೀಬೇಕು ಅಂತ ತೀರ್ಮಾನ ಮಾಡಿ ಎಸೆಯೋದು. ಮೊದಲ ಮೂರು ಸಲ ಗಾಬರೀಲಿ ಎದುರಾಳಿಗೇ ಕೊಟ್ಲು. ಕಾರಲ್ಲಿ ವಾಪಸ್ ಬರೋವಾಗ ಒಂದೇ ಸಮನೆ ಮಾತು, ಮೂರನೇ ಕೈ, ಮೂರನೇ ಕೈ ಅಂತ. ನನಗೆ ಆಗ್ಲೇ ಮನಸ್ಸಲ್ಲಿ ತೀರ್ಮಾನ ಆಗೋಗಿತ್ತು.

ಆದ್ರೆ ಆ ಕ್ಲಬ್‌ನಲ್ಲಿ ಆಗ್ಲೇ ಒಬ್ಬಳು ನಂಬರ್ ಒನ್ ಇದ್ಲು. ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡೋಳು, ಆದ್ರೆ ಅದೇ ಏಜ್ ಗ್ರೂಪು, ಆಟ ನೋಡಿದ್ರೆ ಇವಳು ಮುಂದಿನ ಒಂದು ಸೀಸನ್ ಅವಳ ಹತ್ರಕ್ಕೂ ಬರಲ್ಲ ಅಂತ ನನ್ನಂಥೋಳಿಗೂ ಗೊತ್ತಾಗತ್ತೆ. ಕೋಚ್‌ನ ನೇರವಾಗಿ ಕೇಳ್ದೆ. ಅವರು ಸುತ್ತಿ ಬಳಸಿ ಹೇಳ್ಲಿಲ್ಲ, "ಮೊದಲ ವರ್ಷ ಲೀಗಲ್ಲಿ ಬೆಂಚು, ಕಪ್ ಮ್ಯಾಚುಗಳು ಕೊಡ್ತೀನಿ, ಅದೂ ನಾಲ್ಕೈದು. ಬರೆದು ಬೇಕಾದ್ರೂ ಕೊಡ್ತೀನಿ, ಆಡಿಸ್ತೀನಿ ಅಂತ ಮಾತ್ರ ಸುಳ್ಳು ಹೇಳಲ್ಲ" ಅಂದ್ರು. ಈ ಮಾತಿಗೆ ನನಗೆ ಅವರ ಮೇಲೆ ಗೌರವ ಬಂತು, ತೀರ್ಮಾನ ಮಾತ್ರ ಇನ್ನೂ ಕಷ್ಟ ಆಯ್ತು. ಇಲ್ಲಿ 11 ಮ್ಯಾಚ್ ಆಟ ಇದೆ ಪಾಠ ಇಲ್ಲ, ಅಲ್ಲಿ ಪಾಠ ಇದೆ ಆಟ ಇಲ್ಲ. ಅತ್ತ ದರಿ ಇತ್ತ ಪುಲಿ.

ಕಾಗದ ಪತ್ರದ ಕಡೆ ನಮ್ಮನೆಯವರು ಓಡಾಡಿದ್ರು, ಅದನ್ನ ಬೇಗ ಹೇಳಿ ಮುಗಿಸ್ತೀನಿ. ಹಳೇ ಕ್ಲಬ್‌ನಿಂದ ಬಿಡುಗಡೆ ಪತ್ರ ಬೇಕು, ಬಾಕಿ ಫೀಸ್ ಇದ್ರೆ ಕಟ್ಬೇಕು, ಕ್ಲಬ್‌ನ ಕಿಟ್ ವಾಪಸ್ ಕೊಡ್ಬೇಕು. ಒಬ್ರು ಯಾರೋ "ಬೆಳೆಸಿದ ಕ್ಲಬ್‌ಗೆ ಟ್ರೈನಿಂಗ್ ಕಾಂಪೆನ್ಸೇಷನ್ ಅಂತ ನೀವು ದುಡ್ಡು ಕಟ್ಬೇಕಾಗತ್ತೆ" ಅಂತ ಹೆದರಿಸಿದ್ರು, ಆಮೇಲೆ ವಿಚಾರಿಸಿದ್ರೆ ಅದು ಪ್ರೊಫೆಷನಲ್ ಕಾಂಟ್ರಾಕ್ಟ್ ವಿಷ್ಯ ಬಂದಾಗ ಕ್ಲಬ್‌ಗಳ ಮಧ್ಯ ಆಗೋ ವ್ಯವಹಾರ, ಅಪ್ಪ ಅಮ್ಮನ ಜೇಬಿಗೆ ಸಂಬಂಧ ಇಲ್ಲ. ಕೆಲಸಕ್ಕೆ ಬಂದ ನಿಯಮ ಇನ್ನೊಂದು: ಫಿಫಾ ಪ್ರಕಾರ ಒಂದು ಸೀಸನ್‌ನಲ್ಲಿ ಒಬ್ಬ ಆಟಗಾರ ಹೆಚ್ಚಂದ್ರೆ ಮೂರು ಕ್ಲಬ್‌ನಲ್ಲಿ ರಿಜಿಸ್ಟರ್ ಆಗ್ಬಹುದು, ಆದ್ರೆ ಅಧಿಕೃತ ಮ್ಯಾಚು ಎರಡು ಕ್ಲಬ್‌ಗೆ ಮಾತ್ರ ಆಡ್ಬಹುದು. ಅಂದ್ರೆ ಸೀಸನ್ ಮಧ್ಯ ಹಾರಿ, ಸರಿ ಹೋಗ್ಲಿಲ್ಲ ಅಂತ ಮೂರನೇ ಕಡೆ ಹಾರೋ ಹಾಗಿಲ್ಲ. ಹಂಗಾಗಿ ಹೋಗೋದಾದ್ರೆ ಸೀಸನ್ ಮುಗಿದ ಮೇಲೇ ಅಂತ ಅಷ್ಟು ಗಟ್ಟಿ ಮಾಡ್ಕೊಂಡ್ವಿ.

ಅಷ್ಟರಲ್ಲಿ ಹಳೇ ಕೋಚ್ ಸರ್‌ಗೆ ವಿಷಯ ಗೊತ್ತಾಗೋಯ್ತು. ಟ್ರಯಲ್‌ನಲ್ಲಿ ಇದ್ದ ಯಾರೋ ಮಗು ಇನ್ಯಾರಿಗೋ ಹೇಳಿ, ಊರೆಲ್ಲ ಸುತ್ತಿ ಬಂದು ಅವರ ಕಿವಿಗೆ ಬಿದ್ದಿದೆ. ಒಂದು ಸಂಜೆ ಮಗಳನ್ನ ಬಿಡೋಕೆ ಹೋದಾಗ ಹತ್ರ ಬಂದು "ಜ್ವರ ಕಮ್ಮಿ ಆಯ್ತಾ ಮೇಡಂ?" ಅಂತ ಕೇಳಿದ್ರು. ನಗ್ತಾನೇ ಕೇಳಿದ್ರು. ನನಗೆ ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು.

"ಸರ್, ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ" ಅಂದೆ.

"ಹೇಳಿದ್ರೆ ನಾನೇ ಫೋನ್ ಮಾಡಿ ಹೇಳ್ತಿದ್ನಲ್ಲ ಮೇಡಂ. ಅಲ್ಲಿ ಬಿದ್ದು ಏನಾದ್ರೂ ಏಟಾಗಿದ್ರೆ? ನಮ್ಮ ಇನ್ಶೂರೆನ್ಸ್ ಬರ್ತಿರ್ಲಿಲ್ಲ, ಅವರದೂ ಬರ್ತಿರ್ಲಿಲ್ಲ."

ಅದು ನನ್ನ ತಲೆಗೆ ಹೊಳೆದೇ ಇರ್ಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಇಬ್ರೂ ಗ್ರೌಂಡ್ ನೋಡ್ಕೊಂಡು ನಿಂತಿದ್ವಿ, ಮೂಲೇಲಿ ಇವರಿಬ್ರೂ ಎಂದಿನ ಹಾಗೆ ಚೆಂಡು ಎಸ್ಕೊಂಡು ಆಡ್ತಿದ್ರು. ಅವರೇ ಹೇಳಿದ್ರು, "ನಾನು ಮಿಡ್‌ಫೀಲ್ಡ್ ಆಡಿದೋನು ಮೇಡಂ. ಕೀಪರ್‌ಗೆ ಏನು ಹೇಳ್ಕೊಡ್ಬೇಕು ಅಂತ ನನಗೆ ನಿಜವಾಗ್ಲೂ ಗೊತ್ತಿಲ್ಲ. ಇವರಿಬ್ರಿಗೂ ಸಮ ಆಡಿಸೋದೊಂದೇ ನನಗೆ ಗೊತ್ತಿರೋ ದಾರಿ." ಸಿಟ್ಟು ಮಾಡ್ಕೊಂಡು ಬೈದಿದ್ರೆ ನನಗೆ ಸುಲಭ ಆಗ್ತಿತ್ತು ಅನ್ಸತ್ತೆ. ಮನೆಗೆ ಬಂದು ನಮ್ಮನೆಯವರ ಹತ್ರ ಬೇಡ ಬಿಡಿ, ಇಲ್ಲೇ ಇರ್ಲಿ, ಇಂಥ ಮನುಷ್ಯನ್ನ ಬಿಟ್ಟು ಹೋಗೋದು ಹೆಂಗೆ ಅಂತ ಹೇಳಿ ಅತ್ತೂಬಿಟ್ಟೆ. ಅವರು ಶೀಟಲ್ಲಿ "ಇತರೆ" ಕಾಲಮ್ಮಿಗೆ ಏನೋ ಬರ್ಕೊಂಡ್ರು.

ಇಷ್ಟೆಲ್ಲಾ ಆಗೋವಾಗ ಮಗಳ ಹತ್ರ ನಾವು ಕೇಳ್ತಿದ್ದಿದ್ದು ಒಂದೇ, "ನಿನಗೆ ಹೋಗ್ಬೇಕಾ ಬೇಡ್ವಾ?" ಅವಳು ಭುಜ ಕುಣಿಸಿ "ಗೊತ್ತಿಲ್ಲ" ಅನ್ನೋಳು. ಈ ವಯಸ್ಸಿನ ಮಕ್ಕಳ "ಗೊತ್ತಿಲ್ಲ"ದಲ್ಲಿ ಹತ್ತು ಥರ ಇರತ್ತೆ, ಇದು ಯಾವ ಥರದ್ದು ಅಂತ ನನಗೆ ತಿಳೀಲಿಲ್ಲ. ಗೆಳತಿನ ಬಿಟ್ಟು ಹೋಗೋಕೆ ಬೇಜಾರು, ಅದಕ್ಕೆ ಹೇಳ್ತಿಲ್ಲ ಅಂತ ನಾನೇ ಅರ್ಥ ಮಾಡ್ಕೊಂಡಿದ್ದೆ. ಅರ್ಧ ಸರಿ ಅದು.

ಒಂದು ರಾತ್ರಿ ಮ್ಯಾಚ್ ಮುಗಿಸಿ ಬರ್ತಿದ್ವಿ, ಗೆಳತಿ ಸರದಿ ಇದ್ದ ಮ್ಯಾಚು, 3-1 ಸೋತಿದ್ರು. ಕಾರಲ್ಲಿ ಹಿಂದಿನ ಸೀಟಲ್ಲಿ ಕೂತು ಕಿಟಕಿ ಕಡೆ ನೋಡ್ತಾ ಹೇಳಿದ್ಲು, ನನ್ನ ಮುಖ ಕಾಣ್ಬಾರ್ದು ಅಂತಲೇ ಹಿಂದೆ ಕೂತಿದ್ಲೇನೋ.

"ಅಮ್ಮಾ, ಅವಳು ಆಡೋವಾಗ ನಾನು ಗೋಲ್ ಹಿಂದೆ ಬಾಲ್ ತಂದ್ಕೊಡೋಕೆ ನಿಂತಿರ್ತೀನಲ್ಲ."

"ಹ್ಞೂಂ."

"ಅವಳು ಗೋಲ್ ಬಿಟ್ರೆ ನನಗೆ ಒಳಗೆ ಒಂಥರಾ ಖುಷಿ ಆಗತ್ತೆ. ಇವತ್ತು ಮೂರು ಸಲ ಆಯ್ತು."

ನಾನು ಏನೂ ಹೇಳ್ಲಿಲ್ಲ, ಹೇಳೋಕೆ ಬಾಯಿಗೆ ಏನೂ ಬರ್ಲಿಲ್ಲ. ಅವಳೇ ಮುಂದುವರ್ಸಿದ್ಲು, "ಆಮೇಲೆ ಅವಳು ಅಳ್ತಾ ಬಂದು ನನ್ನ ಪಕ್ಕಾನೇ ಕೂತ್ಕೋತಾಳೆ. ನಾನು ಸಮಾಧಾನ ಮಾಡ್ಬೇಕು. ನಾನು ಆಡೋವಾಗ ಅವಳಿಗೂ ಹಂಗೇ ಆಗತ್ತೇನೋ ಅಂತ ಯೋಚನೆ ಬರತ್ತೆ, ಆವಾಗ ಹಿಂದೆ ತಿರುಗಿ ಅವಳ ಮುಖ ನೋಡೋಕೆ ಭಯ ಆಗತ್ತೆ."

ಮನೆ ಕಡೆ ತಿರುಗ್ಬೇಕಿದ್ದ ರಸ್ತೆ ದಾಟಿ ಎಷ್ಟೋ ಮುಂದೆ ಹೋಗಿದ್ದೆ. ಯು ಟರ್ನ್ ಸಿಗೋವರೆಗೂ ಇಬ್ರೂ ಸುಮ್ನಿದ್ವಿ. ಆಮೇಲೆ ನಾನೇ ಕೇಳ್ದೆ, ಆ ಕ್ಲಬ್ಬಲ್ಲಿ ಒಂದು ವರ್ಷ ಬೆಂಚಲ್ಲಿ ಕೂರ್ಬೇಕಾಗತ್ತೆ, ಗೊತ್ತಲ್ಲ, ಅಂತ.

"ಅಲ್ಲಿ ಯಾರೋ ಗೊತ್ತಿಲ್ಲದೋಳಿಗೆ ಕೂರ್ತೀನಿ ಅಮ್ಮಾ. ಅದು ಪರ್ವಾಗಿಲ್ಲ."

ಸಮ ಸಮ ಹಂಚೋದ್ರಿಂದ ಯಾರಿಗೂ ನೋವಾಗಲ್ಲ ಅಂತ ನಾವು ದೊಡ್ಡೋರೆಲ್ಲ ಸೇರಿ ನಂಬಿದ್ವಿ, ಕೋಚ್ ಸರ್, ನಾನು, ಆ ಹುಡುಗಿ ಅಮ್ಮ, ಎಲ್ರೂ. ನಿಜಕ್ಕೂ ಆ ಸರದಿ ಇದ್ದಿದ್ರಿಂದಲೇ ಪ್ರತಿ ವಾರ ಇವರಿಬ್ರಲ್ಲಿ ಒಬ್ಬಳು ಇನ್ನೊಬ್ಬಳ ತಪ್ಪಿಗೆ ಕಾಯ್ತಾ ನಿಲ್ಲೋ ಹಾಗಾಗಿತ್ತು. ಒಬ್ಬಳು ಖಾಯಂ ನಂಬರ್ ಒನ್, ಇನ್ನೊಬ್ಬಳು ಎರಡು ಅಂತ ಇದ್ದಿದ್ರೆ ಇಷ್ಟು ಹಿಂಸೆ ಇರ್ತಿತ್ತಾ ಗೊತ್ತಿಲ್ಲ, ಬೇರೆ ಥರದ್ದು ಇರ್ತಿತ್ತೇನೋ. ಮನೆಗೆ ಬಂದು ಇವರಿಗೆ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು ಲ್ಯಾಪ್‌ಟಾಪ್ ಮುಚ್ಚಿದ್ರು, ಮತ್ತೆ ಆ ಶೀಟ್ ತೆಗೆದಿದ್ದು ನಾನು ನೋಡಿಲ್ಲ.

ಈ ಸಲ ಸರಿಯಾದ ದಾರೀಲೇ ಹೋದ್ವಿ. ಮೊದಲು ಕೋಚ್ ಸರ್ ಹತ್ರ ಮಗಳನ್ನೂ ಕರ್ಕೊಂಡು ಹೋಗಿ ಹೇಳಿದ್ವಿ, ಸೀಸನ್‌ನ ಉಳಿದ ಮ್ಯಾಚೆಲ್ಲ ಆಡಿ ಹೋಗ್ತಾಳೆ ಅಂತ. ಅವರು ಪತ್ರ ಕೊಡೋಕೆ ಒಂದು ದಿನಾನೂ ಎಳೀಲಿಲ್ಲ. ಗೆಳತಿಗೆ ನಾನೇ ಹೇಳ್ತೀನಿ, ನೀವ್ಯಾರೂ ಹೇಳ್ಬೇಡಿ ಅಂತ ಮಗಳು ಹಟ ಮಾಡಿ ತಾನೇ ಹೇಳಿದ್ಲು. ಅವಳು ಒಂದು ವಾರ ಮಾತು ಬಿಟ್ಲಂತೆ, ಆಮೇಲೆ "ಹೋಗೋದಾದ್ರೆ ನಿನ್ನ ಹೊಸ ಗ್ಲೌಸ್ ಬಿಟ್ಟು ಹೋಗು" ಅಂತ ಕೇಳಿದ್ಲಂತೆ, ಇವಳು ಬಿಟ್ಟೂ ಬಂದ್ಲು, ನಾನು ಇನ್ನೊಂದು ಜೊತೆ ಕೊಡಿಸ್ಬೇಕಾಯ್ತು. ಅವಳ ಅಮ್ಮ ಮಾತ್ರ ನನ್ನ ಮೇಲೆ ಮುನಿಸ್ಕೊಂಡಿದಾರೆ, ಟ್ರಯಲ್‌ಗೆ ಕದ್ದು ಹೋಗಿದ್ದಕ್ಕೆ. ಅದು ನ್ಯಾಯವೇ.

ಹೊಸ ಕ್ಲಬ್‌ನಲ್ಲಿ ಕೋಚ್ ಹೇಳಿದ ಹಾಗೇ ಆಯ್ತು. ಲೀಗಿನ ಮೊದಲ ಆರು ಮ್ಯಾಚು ಬೆಂಚು. ಮಗಳು ಬೆಂಚಲ್ಲಿ ಗ್ಲೌಸ್ ಹಾಕ್ಕೊಂಡೇ ಕೂತಿರ್ತಾಳೆ, ವೆಲ್ಕ್ರೋ ಬಿಚ್ಚೋದು ಅಂಟಿಸೋದು, ಪರ್ ಪರ್ ಅಂತ ಸದ್ದು, ಪಕ್ಕದೋರಿಗೆಲ್ಲ ತಲೆ ಚಿಟ್ಟು ಹಿಡಿಯೋ ಅಷ್ಟು. ಎರಡು ಕಪ್ ಮ್ಯಾಚ್ ಆಡಿದ್ಲು, ಒಂದು ಗೆದ್ರು, ಇನ್ನೊಂದ್ರಲ್ಲಿ ಬ್ಯಾಕ್ ಪಾಸ್ ಒಂದನ್ನ ಎದುರಾಳಿ ಕಾಲಿಗೇ ಕೊಟ್ಟು ಗೋಲ್ ತಿಂದ್ಲು. ದೂರದ ವಿಷ್ಯ ನಾವು ಅಂದ್ಕೊಂಡಿದ್ದಕ್ಕಿಂತ ಕಷ್ಟ, ವಾರಕ್ಕೆ ಮೂರು ದಿನ ಹೋಗ್ತಾ ಒಂದು ಗಂಟೆ ಬರ್ತಾ ಒಂದು ಗಂಟೆ, ಹೋಮ್‌ವರ್ಕ್ ಕಾರಲ್ಲೇ, ಪರೀಕ್ಷೆ ಟೈಮಲ್ಲಿ ಮಾರ್ಕ್ಸ್ ಇಳೀತು, ನಾನೂ ಬೈದೆ. ಎಡ ಮೊಣಕೈ ಮಾತ್ರ ವಾಸಿಯಾಗಿದೆ, ಮುಲಾಮಿನ ಟ್ಯೂಬು ಬಾತ್‌ರೂಮಲ್ಲಿ ಹಂಗೇ ಬಿದ್ದಿದೆ.

ಹೋದ ತಿಂಗಳು ಕಪ್‌ನಲ್ಲಿ ಎರಡೂ ಕ್ಲಬ್ ಎದುರಾಬದುರಾ ಬಂದ್ವು. ಕಪ್ ಮ್ಯಾಚು ಅಂತ ಮಗಳು ಆಡ್ತಾಳೆ ಅಂದ್ಕೊಂಡಿದ್ವಿ, ಸೆಮಿಫೈನಲ್ ಆದ್ರಿಂದ ದೊಡ್ಡೋಳನ್ನೇ ಇಳಿಸಿದ್ರು, ಇವಳು ಬೆಂಚು. ಆ ಕಡೆ ಗೋಲಲ್ಲಿ ಗೆಳತಿ, ಇವಳ ಗ್ಲೌಸ್ ಹಾಕ್ಕೊಂಡು. ಮ್ಯಾಚಿಗೆ ಮುಂಚೆ ನಮ್ಮ ಕಡೆಯ ಹೆಡ್ ಕೋಚ್ ಇವಳನ್ನ ಕರೆದು ಕೇಳಿದ್ರಂತೆ, "ಆ ಕೀಪರ್ ನಿನಗೆ ಗೊತ್ತಲ್ಲ, ಯಾವ ಕಡೆ ವೀಕು?" ಇಬ್ರೂ ಒಟ್ಟಿಗೆ ಕಲಿತಿದ್ದು, ಇವಳಿಗಿದ್ದ ತಪ್ಪೇ ಅವಳಿಗೂ ಇದೆ, ಎಡಕ್ಕೆ ಕೆಳಗೆ ಹೊಡೆದ್ರೆ ಎದೆ ಮೇಲೆ ಬೀಳ್ತಾಳೆ. ಮಗಳು "ಗೊತ್ತಿಲ್ಲ ಸರ್" ಅಂದ್ಲಂತೆ. ಇದು ಸರಿಯಾ ತಪ್ಪಾ ಅಂತ ನಮ್ಮನೇಲಿ ಇನ್ನೂ ಜಗಳ ಇದೆ, ಈ ಟೀಮಿನ ಜೆರ್ಸಿ ಹಾಕ್ಕೊಂಡ ಮೇಲೆ ಹೇಳ್ಬೇಕಿತ್ತು ಅಂತ ಇವರು, ನಾನು ಹ್ಞೂಂ ಅಂತೀನಿ, ಒಳಗೆ ಬೇರೆ ಅನ್ಸತ್ತೆ.

ಯಾರೂ ಹೇಳ್ದೇ ಇದ್ರೂ ಎರಡನೇ ಹಾಫಲ್ಲಿ ಎಡಕ್ಕೆ ಕೆಳಗೆ ಒಂದು ಗೋಲ್ ಹೋಯ್ತು. ನಾನು ಗೋಲ್ ಕಡೆ ನೋಡ್ಲಿಲ್ಲ, ಬೆಂಚ್ ಕಡೆ ನೋಡ್ದೆ. ಟೀಮೆಲ್ಲ ಎದ್ದು ಕುಣೀತಿತ್ತು, ಇವಳೂ ಎದ್ದಿದ್ಲು, ಚಪ್ಪಾಳೆ ತಟ್ತಿದ್ಲು, ಕಣ್ಣು ಮಾತ್ರ ಆ ಕಡೆ ಗೋಲಲ್ಲಿ ಮೊಣಕೈ ಹಿಡ್ಕೊಂಡು ಕೂತಿದ್ದೋಳ ಮೇಲೆ.

ಮ್ಯಾಚ್ ಮುಗಿದು ಅರ್ಧ ಗಂಟೆ ಆದ್ರೂ ಮಗಳು ಕಾರಿನ ಹತ್ರ ಬರ್ಲಿಲ್ಲ. ಹುಡುಕ್ಕೊಂಡು ಹೋದ್ರೆ ಗ್ರೌಂಡಿನ ಮೂಲೇಲಿ ಗೆಳತಿ ಕಾಲು ಮುಂದಕ್ಕೆ ಚಾಚಿ ನೆಲದ ಮೇಲೆ ಕೂತಿದಾಳೆ, ಇವಳು ಎರಡು ಹೆಜ್ಜೆ ದೂರದಿಂದ ಎಡಕ್ಕೆ ಚೆಂಡು ಉರುಳಿಸ್ತಿದಾಳೆ. "ಮೊಣಕೈ ಅಲ್ಲ ಕಣೇ, ಸೊಂಟ ಮೊದಲು. ಇನ್ನೊಂದ್ಸಲ." ಅವಳ ಅಮ್ಮ ನನ್ನ ಪಕ್ಕದಲ್ಲೇ ಬಂದು ನಿಂತ್ರು, ನನ್ನ ಮುಖ ನೋಡ್ಲಿಲ್ಲ, ಮಗಳ ಕಡೆ ತಿರುಗಿ "ಬಟ್ಟೆ ಕೊಳೆ ಮಾಡ್ಕೋಬೇಡ" ಅಂತ ಕೂಗಿದ್ರು, ಆ ಹುಡುಗಿ ಆಗ್ಲೇ ತಲೆಯಿಂದ ಕಾಲಿನವರೆಗೂ ಕೆಸರು.